ಎರಡು ಜಾಲಗಳ ನಡುವೆ ಸಾಬೀರಾ

ಬೆಳಿಗ್ಗೆ ಒಂಬತ್ತಕ್ಕೆ ಸಾಬೀರಾ ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ತೆಗೆದು, ಹಿಂಬದಿಯ ಎರಡು ತಂತಿಗಳನ್ನು ಒತ್ತಿ ನೋಡುತ್ತಾರೆ. ಒಂದು ತಂತಿ ಕಾಫಿ ಸುಲಿದು ಹದಮಾಡುವ ಮೂಡಿಗೆರೆಯ ಈ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ಇಳಿಸಿಕೊಳ್ಳುವ ವಿಭಾಗಕ್ಕೆ ಹೋಗುತ್ತದೆ, ಇನ್ನೊಂದು, ಕಾಫಿಯ ರುಚಿ ನೋಡಿ ದರ್ಜೆ ಕೊಡುವ ಮಹಡಿಯ ಕೋಣೆಗೆ. ಎರಡೂ ಕಡೆ ಬೇರೆ ಬೇರೆ ಕಂಪ್ಯೂಟರ್ ಜಾಲ. ಅವುಗಳ ನಡುವಿನ ಸೇತುವೆ, ೧೯೮೯ರ ಜನವರಿಯಲ್ಲಿ ಸಾಬೀರಾರ ಮೇಜಿಗೆ ಬಂದ ಈ ಯಂತ್ರ.

ಕೆಳಗೆ ಬೆಳೆಗಾರರ ಹೆಸರು ಬರೆಯುತ್ತಾರೆ. ಮೇಲಕ್ಕೆ ನಂಬರು ಮಾತ್ರ ಹೋಗಬೇಕು; ಹೆಸರು ತೆಗೆದು ನಂಬರು ಹಾಕಿ ಕಳಿಸುವುದು ಸಾಬೀರಾರ ಕೆಲಸ. ಯಾರ ತೋಟದ ಕಾಫಿ ಎಂದು ರುಚಿ ನೋಡುವವರಿಗೆ ತಿಳಿಯಕೂಡದು. ಅದು ಇಲ್ಲಿನ ಹಳೆಯ ಕಟ್ಟುಪಾಡು.

ಹೋದ ವಾರ ಬಾಳೂರಿನ ಸರ್ದಾರ್ ಅವರ ಕಾಫಿಗೆ ಮೊದಲ ದರ್ಜೆ ಸಿಕ್ಕಿತು. ಹಿಂದೆಂದೂ ಸಿಕ್ಕಿರಲಿಲ್ಲ. ಸರ್ದಾರ್ ಸಾಬೀರಾರ ಅಣ್ಣ.

"ಏನ್ ಮಾರಾಯ್ತಿ, ಅಣ್ಣನ ಗಿಡಕ್ಕೆ ಕಂಪ್ಯೂಟರ್ ಗೊಬ್ಬರ ಹಾಕಿದ್ರಾ?" ಎಂದರು ಕೆಳಗೆ ಲೆಕ್ಕ ಬರೆಯುವ ರೈಟರ್ ರೇವಣ್ಣ.

"ಹಾಕಿದ್ರೆ ನಿಮಗೂ ಒಂದು ಮೂಟೆ ಕಳಿಸ್ತಿದ್ದೆ, ರೇವಣ್ಣೋರೆ."

ನಗು ಎರಡು ದಿನ ನಡೆಯಿತು. ಮೂರನೆಯ ದಿನ ಸಾಬೀರಾ ಬಂದರೆ ಮಾತು ನಿಲ್ಲತೊಡಗಿತು. ಮ್ಯಾನೇಜರ್ ಮಲ್ಲಿಕಾರ್ಜುನಪ್ಪ ಕರೆಸಿದರು. "ಅಣ್ಣನ ಹೆಸರು ನೀವು ಮೇಲಕ್ಕೆ ತಿಳಿಸಿದ್ರಿ ಅನ್ನೋ ಸಂಶಯ ನನಗಿಲ್ಲಮ್ಮ. ಆದ್ರೆ ಬೆಳೆಗಾರರು ಕೇಳ್ತಾರೆ. ಆ ಕುರ್ಚಿಗೆ ಬೇರೆಯವರನ್ನ ಕೂರಿಸೋಣ ಅಂತ."

ಸಾಬೀರಾ ಎರಡು ದಿನದ ಸಮಯ ಕೇಳಿಕೊಂಡರು. ಶುಕ್ರವಾರ ರುಚಿ ನೋಡುವ ಜಯದೇವಪ್ಪ ಊಟಕ್ಕೆ ಹೋದಾಗ ರೇವಣ್ಣನವರನ್ನೇ ಸಾಕ್ಷಿಗೆಂದು ಮಹಡಿಗೆ ಕರೆದೊಯ್ದು, ಅಲ್ಲಿನ ಕಂಪ್ಯೂಟರಿನಲ್ಲಿ ಕೆಳಗಿನವರು ಬರೆದ ಪಟ್ಟಿಯನ್ನು ತೆರೆಯಲು ನೋಡಿದರು. ಹೆಸರುಗಳ ಸಮೇತ ಬಂತು. ತಾನು ಕಳಿಸಿದ್ದು ಮಾತ್ರ ದಾಟುತ್ತದೆಂದು ಅವರು ಇಷ್ಟು ದಿನ ನಂಬಿದ್ದರು. ಸೇತುವೆ ಎಲ್ಲವನ್ನೂ ದಾಟಿಸುತ್ತಿತ್ತು.

ರೇವಣ್ಣ ಪರದೆಯ ಮೇಲೆ ಸರ್ದಾರ್ ಹೆಸರಿಗೆ ಬೆರಳಿಟ್ಟರು. "ಇದನ್ನ ಹೇಳಿದ್ರೆ ಅಣ್ಣನ ದರ್ಜೆ ಹೋಗ್ತದೆ."

"ಗೊತ್ತು. ಸಾಹೇಬ್ರ ಹತ್ರ ಬನ್ನಿ, ನೋಡಿದ್ದನ್ನ ನೀವೇ ಹೇಳಿ."

ಮ್ಯಾನೇಜರ್ ಕರೆಸಿ ಕೇಳಿದಾಗ, ಆ ಪಟ್ಟಿ ತಾನು ತೆರೆದೇ ಇಲ್ಲ ಎಂದರು ಜಯದೇವಪ್ಪ. "ಹದಿನೆಂಟು ವರ್ಷ ಕಾಫಿ ಬಾಯಿಗೆ ಹಾಕಿ ಉಗಿದಿದ್ದೀನಿ. ಒಂದು ಸಲವೂ ಹೆಸರು ನೋಡಿ ಉಗಿದವನಲ್ಲ." ಇರಬಹುದು. ಯಾರು, ಯಾವಾಗ ನೋಡಿದರೆಂಬ ಗುರುತನ್ನು ಯಂತ್ರ ಇಟ್ಟುಕೊಂಡಿರಲಿಲ್ಲ. ಸಾಬೀರಾರ ಕುರ್ಚಿ ಉಳಿಯಿತು, ಸರ್ದಾರ್ ಅವರ ಕಾಫಿಯ ದರ್ಜೆಯನ್ನು ತಡೆಹಿಡಿದರು. ಆ ಸಂಜೆ ಸರ್ದಾರ್ ಜೀಪಿನಲ್ಲಿ ಬಂದು, ತಂಗಿಯನ್ನು ಮಾತಾಡಿಸದೆ, ಮ್ಯಾನೇಜರರನ್ನು ಕಂಡು ಹೋದರು.

ಸೋಮವಾರ ಹತ್ತು ಗಂಟೆಗೆ ಚಿಕ್ಕಮಗಳೂರಿನಿಂದ ಬೇರೊಬ್ಬರು ಬಂದು ಆ ಕಾಫಿಯನ್ನು ಮತ್ತೆ ರುಚಿ ನೋಡುತ್ತಾರೆ. ಆ ಹೊತ್ತಿಗೆ ತಾನು ಸೇತುವೆಯ ಹತ್ತಿರವೂ ಇರಬಾರದೆಂದು ಸಾಬೀರಾ ಅಂದು ರಜೆ ಹಾಕಿದ್ದಾರೆ.