ಪ್ರಮಿಳಾ ಹೇಳಿದ ಧನ್ಯವಾದ

ಖಾನಾಪುರದಿಂದ ಬೆಳಗಾವಿಗೆ ಬರುವ ಮುಂಜಾನೆಯ ಬಸ್ಸಿನಲ್ಲಿ ಪ್ರಮಿಳಾಗೆ ಕೂರಲು ಜಾಗ ಸಿಗುತ್ತಿದ್ದದ್ದು ಅಪರೂಪ. ಮಚ್ಛೆಯಲ್ಲಿ ಒಂದಷ್ಟು ಜನ, ಉದ್ಯಮಬಾಗದಲ್ಲಿ ಮತ್ತಷ್ಟು ಜನ ಇಳಿದು ಬಸ್ಸು ಖಾಲಿಯಾಗುವ ಹೊತ್ತಿಗೆ ಅವಳ ಕಾಲೇಜೂ ಬಂದುಬಿಡುತ್ತಿತ್ತು. ಹಾಗೆ ನಿಂತುಕೊಂಡೇ ಓಡಾಡಿ ಅವಳು ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಳು, ಅದೂ ಇಡೀ ಕಾಲೇಜಿಗೆ ಮೊದಲಿಗಳಾಗಿ. ಓದುವ ಹುಮ್ಮಸ್ಸು ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ಸುಮ್ಮನೆ ನಗುತ್ತಿದ್ದಳು. ನಿಜಕ್ಕೂ ಅದು ಬಂದದ್ದು ಸಿಟ್ಟಿನಿಂದ.

ಅವಳ ಅಪ್ಪ ಮಾಯಪ್ಪ ಕುರಿ ಕಾಯುತ್ತ ಬೆಳೆದವನು. ಮಂದೆ ಕರಗುತ್ತ ಬಂದ ಮೇಲೆ ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆಗಿದ್ದ. ಉಳಿದ ನಾಲ್ಕಾರು ಕುರಿಗಳನ್ನು ಪ್ರಮಿಳಾಳ ತಾಯಿ ಸಿದ್ದಕ್ಕ ನೋಡಿಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ಅವು ಮನೆಯೊಳಗೇ ಮಲಗುತ್ತಿದ್ದವು.

ಪ್ರಮಿಳಾ ಕಾಲೇಜು ಸೇರಿದ್ದೂ ಮಳೆಗಾಲದಲ್ಲೇ. ಮೊದಲ ವಾರ, ವರ್ಕ್‌ಶಾಪಿನಲ್ಲಿ ಎಲ್ಲರೂ ಖಾಕಿ ಏಪ್ರನ್ ತೊಟ್ಟು ಸಾಲಾಗಿ ನಿಂತಿದ್ದರು. ವಿಭಾಗದ ಮುಖ್ಯಸ್ಥರಾದ ಬಾಳಾಸಾಹೇಬ ಸರ್ ಒಬ್ಬೊಬ್ಬರನ್ನೇ ನೋಡುತ್ತ ಬಂದವರು ಪ್ರಮಿಳಾಳ ಹತ್ತಿರ ನಿಂತು ಮೂಗು ಅರಳಿಸಿದರು.

“ಇಲ್ಲಿ ಯಾರ ಮೈಯಾಗಿಂದ ಕುರಿ ನಾತ ಬರಾಕತ್ತೈತಿ?”

ಹುಡುಗರು ನಕ್ಕರು.

“ನಿಮ್ಮಪ್ಪ ಏನ್ ಮಾಡ್ತಾನ?” ಎಂದು ಸರ್ ಕೇಳಿದರು.

“ಮೊದ್ಲ ಕುರಿ ಕಾಯ್ತಿದ್ದರ್ರೀ ಸರ್. ಈಗ ವಾಚ್‌ಮನ್ ಅದಾರ.”

ಅವತ್ತು ಅಷ್ಟಕ್ಕೇ ಬಿಟ್ಟರು. ಮರುದಿನ ಹಾಜರಿ ಕರೆಯುವಾಗ ಅವಳ ಹೆಸರು ಬಂತು. ಸರ್ ಹೆಸರು ಕರೆಯಲಿಲ್ಲ. ತಲೆ ಎತ್ತದೆ “ಬ್ಯಾ” ಎಂದರು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಮುಗಿಯುವವರೆಗೂ ಕಾದು ಪ್ರಮಿಳಾ “ಯೆಸ್ ಸರ್” ಎಂದಳು.

ಆಮೇಲೆ ಅದೇ ರೂಢಿಯಾಯಿತು. ಕ್ಯಾಂಟೀನಿನಲ್ಲಿ, ಬಸ್ ನಿಲ್ದಾಣದಲ್ಲಿ, ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಯಾರೋ ಒಬ್ಬ ಹುಡುಗ ಬ್ಯಾ ಎನ್ನುವನು, ಉಳಿದವರು ನಗುವರು. ಅವಳ ಪಕ್ಕದಲ್ಲೇ ಕೂರುತ್ತಿದ್ದ ಪ್ರಾಚಿ ಕೂಡ ಮೊದಮೊದಲು ನಕ್ಕವಳೇ. ಬೆಳಗಾವಿಯದೇ ಶಹಾಪುರದ ಬಟ್ಟೆ ವ್ಯಾಪಾರಿಯ ಮಗಳಾದ ಅವಳು ಮುಂದೆ ಪ್ರಮಿಳಾಗೆ ಆಪ್ತ ಗೆಳತಿಯಾದಳು. ಪ್ರಮಿಳಾ ಮನೆಯಲ್ಲಿ ಮಾತ್ರ ಒಂದು ಮಾತೂ ಆಡಲಿಲ್ಲ. ಸಂಜೆ ಮನೆಗೆ ಬಂದರೆ ಕುರಿಗಳ ಹತ್ತಿರ ಹೋಗುವುದನ್ನು ಬಿಟ್ಟಳು. ಏಪ್ರನ್ ಒಗೆದು, ಮತ್ತೆ ಒಗೆದು, ಅಟ್ಟದ ಮೇಲೆ ಒಣಹಾಕುತ್ತಿದ್ದಳು. “ಸೋಪ್ ಯಾಕ ಇಷ್ಟ ಲಗೂ ಮುಗೀತೈತಿ?” ಎಂದು ಸಿದ್ದಕ್ಕ ಗೊಣಗುತ್ತಿದ್ದಳು.

ಆ ಕಾಲೇಜಿನಲ್ಲಿ ಇದನ್ನು ತಪ್ಪು ಎಂದವರು ಒಬ್ಬರೇ. ಗಣಿತ ಕಲಿಸಲು ಬರುತ್ತಿದ್ದ ಅತಿಥಿ ಉಪನ್ಯಾಸಕಿ ನಾಗರತ್ನಾ ಮೇಡಂ. ಒಮ್ಮೆ ಅವರು ಕಾರಿಡಾರಿನಲ್ಲಿ ಹೋಗುವಾಗ ಹಾಜರಿಯ ಈ ಆಟ ಕೇಳಿಸಿಕೊಂಡರು. ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೇ, ಬಾಳಾಸಾಹೇಬ ಸರ್‌ಗೆ ನೇರವಾಗಿ ಹೇಳಿದರು. “ಸರ್, ಆ ಹುಡಿಗಿಗೆ ಒಂದು ಹೆಸರೈತಿ. ಅದನ್ನ ಕರೀರಿ.” ಪ್ರಾಂಶುಪಾಲರಿಗೂ ದೂರು ಕೊಟ್ಟರು. ಮುಂದಿನ ಸೆಮಿಸ್ಟರಿಗೆ ಅವರನ್ನು ಕರೆಯಲಿಲ್ಲ. ಗಣಿತಕ್ಕೆ ಬೇರೆಯವರು ಬಂದರು.

ಕೂಗು ನಿಂತದ್ದು ಪ್ರಮಿಳಾ ಮೊದಲ ಸ್ಥಾನಕ್ಕೆ ಬಂದ ಮೇಲೆ. ಕೊನೆಯ ವರ್ಷ ಬಾಳಾಸಾಹೇಬ ಸರ್ ಅವಳನ್ನು ಹೆಸರು ಹಿಡಿದೇ ಕರೆಯತೊಡಗಿದರು, ಅದೂ “ನಮ್ಮ ಪ್ರಮಿಳಾ” ಎಂದು. ಅವಳಿಗೆ ಬ್ಯಾ ಎಂದಾಗ ಆದದ್ದಕ್ಕಿಂತ ಹೆಚ್ಚು ಮೈ ಉರಿದದ್ದು ಆ “ನಮ್ಮ” ಕೇಳಿದಾಗ.

ಬೀಳ್ಕೊಡುಗೆ ಸಮಾರಂಭಕ್ಕೆ ಒಂದು ವಾರವಿರುವಾಗ ಸರ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು.

“ಎಲ್ಲಾರ ಪರವಾಗಿ ನೀನ ಮಾತಾಡಬೇಕ. ಹಳ್ಳಿ ಹುಡಿಗಿ, ಏನೂ ಗೊತ್ತಿರದಾಕಿ, ಇಲ್ಲಿ ಬಂದು ಹೆಂಗ ಬೆಳದ್ಲು ಅನ್ನೂದು ಜನಕ್ಕ ಗೊತ್ತಾಗಬೇಕ. ಉದ್ಯಮಬಾಗದ ಫೌಂಡ್ರಿ ಮಾಲಕರು ಮುಖ್ಯ ಅತಿಥಿ. ವಿಡಿಯೋನೂ ಮಾಡಸ್ತೀವಿ. ನಿಮ್ಮಪ್ಪನ್ನೂ ಕರಕೊಂಡ ಬಾ. ನನ್ನ ಹೆಸರ ಮಾತ್ರ ಮರೀಬ್ಯಾಡ.”

“ಮರಿಯೂದಿಲ್ರೀ ಸರ್,” ಎಂದಳು ಪ್ರಮಿಳಾ.

ಆ ವಾರವೆಲ್ಲ ಬಸ್ಸಿನಲ್ಲಿ ನಿಂತು ಅವಳು ಮಾತು ಹೊಂದಿಸಿದಳು. ಪ್ರಾಚಿಗೆ ಮಾತ್ರ ಹೇಳಿದಳು.

“ಖರೇನ ಹೇಳಾಕಿ?” ಎಂದಳು ಪ್ರಾಚಿ.

“ಖರೇನ. ಎರಡು ವರ್ಷ ಕೇಳೇನಿ. ಅಂವ ಒಂದ್ಸಲ ಕೇಳಲಿ.”

ಇನ್ನೊಂದು ಕೆಲಸವನ್ನು ಅವಳು ಪ್ರಾಚಿಗೂ ತಿಳಿಸದೆ ಮಾಡಿದಳು. ನಾಗರತ್ನಾ ಮೇಡಂಗೆ ಫೋನ್ ಮಾಡಿ, ಕಾಲೇಜಿನವರು ಹಳೆಯ ಉಪನ್ಯಾಸಕರನ್ನೆಲ್ಲ ಸಮಾರಂಭಕ್ಕೆ ಕರೆದಿದ್ದಾರೆ ಎಂದಳು. ಅದು ಸುಳ್ಳು. ಮೇಡಂ ಈಗ ಬೆಳಗಾವಿಯ ಕ್ಯಾಂಪ್ ಪ್ರದೇಶದ ಒಂದು ಶಾಲೆಯಲ್ಲಿ ಕಲಿಸುತ್ತಿದ್ದರು. “ನನ್ನ ನೆನಪ ಇಟ್ಟಾರಲ್ಲ,” ಎಂದು ಸಂತೋಷಪಟ್ಟು ಬರಲು ಒಪ್ಪಿದರು.

ಸಮಾರಂಭದ ದಿನ ಮಾಯಪ್ಪ ಬಿಳಿ ಅಂಗಿ ತೊಟ್ಟು, ತಲೆಗೆ ಹೊಸ ಪಟಕ ಸುತ್ತಿ ಮಗಳ ಜೊತೆ ಬಸ್ಸು ಹತ್ತಿದ. ಕಂಕುಳಲ್ಲಿ ಒಂದು ಕರಿ ಕಂಬಳಿ. ತಮ್ಮ ಕುರಿಗಳದೇ ಉಣ್ಣೆ ಕೊಟ್ಟು ನೇಯಿಸಿದ್ದು.

“ಇದು ಯಾರಿಗ್ಯಪ್ಪಾ?”

“ನಿಮ್ಮ ದೊಡ್ಡ ಸರ್‌ಗೆ. ಕಲಿಸಿದವರಿಗೆ ಬರಿಗೈಲೆ ಹೆಂಗ ಕೈ ಮುಗಿಯೂದು?”

ಪ್ರಮಿಳಾ ಅಲ್ಲೇ ಎಲ್ಲ ಹೇಳಿಬಿಡಬಹುದಿತ್ತು. ಹೇಳಿದರೆ ಅಪ್ಪ ತಡೆಯುತ್ತಾನೆ ಎಂದು ಗೊತ್ತಿತ್ತು. ಕಿಟಕಿಯ ಕಡೆ ತಿರುಗಿದಳು.

ಸಭಾಂಗಣ ತುಂಬಿತ್ತು. ಒಬ್ಬೊಬ್ಬರೇ ವಿದ್ಯಾರ್ಥಿಗಳು ಬಂದು ಧನ್ಯವಾದ ಹೇಳಿದರು. ಒಬ್ಬ ಅತ್ತ. ಇನ್ನೊಬ್ಬಳು ಕಾಲೇಜು ತನ್ನ ಎರಡನೆಯ ಮನೆ ಎಂದಳು. ಮಾಯಪ್ಪ ಮುಂದಿನ ಸಾಲಿನಲ್ಲಿ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗೂ ಚಪ್ಪಾಳೆ ತಟ್ಟುತ್ತಿದ್ದ. ನಾಗರತ್ನಾ ಮೇಡಂ ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರನ್ನು ಯಾರೂ ಮಾತಾಡಿಸಿರಲಿಲ್ಲ. ತಮ್ಮನ್ನು ಕಾಲೇಜಿನವರು ಯಾರೂ ಕರೆದಿಲ್ಲ ಎಂಬುದು ಅವರಿಗೆ ಆಗಲೇ ತಿಳಿದಿತ್ತು.

ಕೊನೆಗೆ ಪ್ರಮಿಳಾ ಮೈಕಿನ ಮುಂದೆ ನಿಂತಳು. ವೇದಿಕೆಗೆಂದು ಕಲಿತ ಕನ್ನಡ ಎರಡು ಸಾಲಿಗೇ ಮುಗಿಯಿತು. ಆಮೇಲೆ ಮನೆಯ ಮಾತೇ ಬಂತು.

“ನಾ ಇಷ್ಟು ಬೆಳಿಯಾಕ ಬಾಳಾಸಾಹೇಬ ಸರ್ ಕಾರಣ. ಅದು ಸುಳ್ಳಲ್ಲ. ನಾ ಬಂದಾಗ ಸರ್ ನನ್ನ ಹೆಸರ ಕರೀತಿರಲಿಲ್ಲ. ಹಾಜರಿ ಹಾಕುವಾಗ ಕುರಿಹಂಗ ಬ್ಯಾ ಅಂತಿದ್ರು. ಎರಡು ವರ್ಷ ಅಂದ್ರು. ಅದನ್ನ ಕೇಳಿ ಕೇಳಿ ಬಂದ ಸಿಟ್ಟಿನ್ಯಾಗ ನಾ ಓದೀನಿ. ಅದಕ್ಕ ಸರ್‌ಗೆ ಧನ್ಯವಾದ. ಇದು ತಪ್ಪು ಅಂದ ನಾಗರತ್ನಾ ಮೇಡಂನ ಈ ಕಾಲೇಜ ಕೆಲಸದಿಂದ ಬಿಡಸ್ತು. ಅವರು ಹಿಂದ ಕುಂತಾರ, ತಿರಗಿ ನೋಡ್ರಿ. ಅವರಿಗೂ ಧನ್ಯವಾದ.”

ವಿಡಿಯೋ ಮಾಡುವವನಿಗೆ ಪ್ರಾಂಶುಪಾಲರು ನಿಲ್ಲಿಸುವಂತೆ ಕೈಸನ್ನೆ ಮಾಡುತ್ತಿದ್ದರು. ಪ್ರಮಿಳಾ ಬಾಳಾಸಾಹೇಬ ಸರ್ ಕಡೆ ತಿರುಗಿದಳು.

“ಸರ್, ಇವತ್ತ ಒಂದ್ಸಲ ಕೂಗ್ರಿ. ನಮ್ಮಪ್ಪ ಬಂದಾನ. ಹುಟ್ಟಿದಾಗಿಂದ ಕುರಿ ಜೋಡಿ ಇದ್ದಾಂವ. ನೀವು ಕೂಗೂದು ಬರೋಬರಿ ಐತೇನ ಅಂತ ಅಂವ ಹೇಳ್ತಾನ.”

ಸರ್ ಮುಖ ತಗ್ಗಿಸಿ ಕುರ್ಚಿಯ ಕೈ ಹಿಡಿದುಕೊಂಡರು. ಆಗ ಹಿಂದಿನಿಂದ, ಹುಡುಗರ ಗುಂಪಿನಿಂದ, ಯಾರೋ ಬ್ಯಾ ಎಂದರು. ಇನ್ನೊಬ್ಬನೂ ಎಂದ. ಒಂದು ಗಳಿಗೆಯಲ್ಲಿ ಇಡೀ ಸಭಾಂಗಣ ಸರ್ ಕಡೆ ನೋಡುತ್ತ ಕೂಗತೊಡಗಿತು. ಇದನ್ನು ಪ್ರಮಿಳಾ ಎಣಿಸಿರಲಿಲ್ಲ. ಆದರೆ ನಿಂತು ಕೇಳಿದಳು, ಪೂರ್ತಿ ಕೇಳಿದಳು. ಎದೆ ತಂಪಾಗಿತ್ತು.

ಮಾಯಪ್ಪ ಎದ್ದು ಹೊರಗೆ ನಡೆದಿದ್ದ. ಗೇಟಿನ ಹತ್ತಿರ ಅವಳು ಅವನನ್ನು ಕೂಡಿಕೊಂಡಾಗ ನಾಗರತ್ನಾ ಮೇಡಂ ಕೂಡ ಅಲ್ಲಿಗೆ ಬಂದರು. ಅವರ ಮುಖ ಕೆಂಪಾಗಿತ್ತು.

“ನೀ ನನಗ ಧನ್ಯವಾದ ಹೇಳಾಕ ಕರದಿರಲಿಲ್ಲ, ಪ್ರಮಿಳಾ. ಅವರನ್ನ ಹೊಡಿಯಾಕ ಕೈಯಾಗ ಒಂದ ಕಲ್ಲ ಬೇಕಾಗಿತ್ತು. ನನ್ನ ತಗೊಂಡಿ.”

ಮಾಯಪ್ಪ ಕಂಬಳಿ ಬಿಚ್ಚಿ ಎರಡೂ ಕೈಯಲ್ಲಿ ಮೇಡಂ ಮುಂದೆ ಹಿಡಿದ.

“ಬಾಯಾರ, ನನಗ ಇವತ್ತ ತಿಳೀತು. ನನ್ನ ಮಗಳ ಪರವಾಗಿ ಮಾತಾಡಿ ನೀವು ನೌಕರಿ ಕಳಕೊಂಡ್ರಿ. ಇದನ್ನ ತಗೋರಿ.”

ಮೇಡಂ ಬೇಡವೆನ್ನಲು ಹೊರಟವರು ಅವನ ಮುಖ ನೋಡಿ ತೆಗೆದುಕೊಂಡರು. ಪ್ರಮಿಳಾ ಕಡೆ ನೋಡದೆ ಆಟೋ ಹತ್ತಿದರು.

ಬಸ್ಸಿನಲ್ಲಿ ಅಪ್ಪ, ಮಗಳು ಇಬ್ಬರಿಗೂ ಸೀಟು ಸಿಕ್ಕಿತ್ತು. ಮಚ್ಛೆ ದಾಟಿದ ಮೇಲೆ ಮಾಯಪ್ಪ ಕೇಳಿದ.

“ನನಗ ಯಾಕ ಹೇಳಲಿಲ್ಲವ್ವಾ?”

“ಹೇಳಿದ್ರ ನೀ ಏನ್ ಮಾಡ್ತಿದ್ದಿ?”

“ಕಾಲೇಜ ಬಿಡಸ್ತಿದ್ದೆ,” ಎಂದ.

“ಅದಕ್ಕ ಹೇಳಲಿಲ್ಲ.”

ಬಾಳಾಸಾಹೇಬ ಸರ್ ಮೇಲೆ ಯಾರೂ ಯಾವ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅವರು ಅದೇ ಕುರ್ಚಿಯಲ್ಲಿ ಉಳಿದರು. ಆದರೆ ಅವರು ಕಾರಿಡಾರಿನಲ್ಲಿ ನಡೆದರೆ ಹೊಸ ಹುಡುಗರು ಕೂಡ ಬೆನ್ನ ಹಿಂದೆ ಬ್ಯಾ ಎನ್ನುತ್ತಾರಂತೆ. ಅಂಕಪಟ್ಟಿ ತರಲು ಕಾಲೇಜಿಗೆ ಹೋಗಿಬಂದ ಪ್ರಾಚಿ ಫೋನಿನಲ್ಲಿ ಇದನ್ನು ಹೇಳಿದಾಗ ಪ್ರಮಿಳಾ ಮಚ್ಛೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಳು. ಅವಳಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಕೇಳಿ ಎಷ್ಟು ನಕ್ಕಳೆಂದರೆ ಪಕ್ಕದವರು ತಿರುಗಿ ನೋಡಿದರು. ಅವಳಿಗೆ ಪಾಪ ಅನಿಸಲಿಲ್ಲ. ಇವತ್ತಿಗೂ ಅನಿಸಿಲ್ಲ.

ಅನಿಸಿದ್ದು ಬೇರೆ. ಮೇಡಂ ಆಡಿದ ಮಾತು ಅವಳನ್ನು ಬಿಡಲಿಲ್ಲ. ಫೋನ್ ಮಾಡಿದರೆ ಅವರು ಎತ್ತುತ್ತಿರಲಿಲ್ಲ. ಕೆಲವು ತಿಂಗಳ ನಂತರ ಒಂದು ರವಿವಾರ ಅವಳು ಹೇಳದೆ ಕೇಳದೆ ಕ್ಯಾಂಪ್‌ನಲ್ಲಿದ್ದ ಅವರ ಮನೆಗೆ ಹೋಗಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ನಾಗರತ್ನಾ ಮೇಡಂ ಹೊಸ್ತಿಲಲ್ಲೇ ನಿಂತರು. “ಈಗ ಯಾರನ್ನ ಹೊಡೀಬೇಕಾಗೇತಿ?”

“ಯಾರನ್ನೂ ಇಲ್ರೀ ಮೇಡಂ. ನಿಮಗ ಸುಳ್ಳ ಹೇಳಿ ಕರಸಿದ್ದು ತಪ್ಪಾತು. ಅವತ್ತ ನೀವು ಸ್ಟಾಫ್ ರೂಮಿನ್ಯಾಗ ನನಗ ಒಂದು ಹೆಸರೈತಿ ಅಂದಿದ್ದು ಗೊತ್ತಾಗಿ ನಾ ಬಸ್ಸಿನ್ಯಾಗ ಖಾನಾಪುರದ ತನಕ ಅತ್ತಿದ್ದೆ. ಅದನ್ನ ಹೇಳಬೇಕಾಗಿತ್ತು. ಸ್ಟೇಜ್ ಮ್ಯಾಲ ಹೇಳಲಿಲ್ಲ.”

ಮೇಡಂ ದಾರಿ ಬಿಟ್ಟರು. “ಒಳಗ ಬಾ, ಕುಂದರು.”

ಒಳಗೆ ಕೂತ ಮೇಲೆ ಕೇಳಿದರು. “ಬಾಳಾಸಾಹೇಬ ಸರ್ ಮ್ಯಾಲಿನ ಸಿಟ್ಟು ಹೋತೇನ?”

“ಇಲ್ರೀ. ಹಂಗ ಐತಿ.”

“ನಂದೂ ಹಂಗ ಐತಿ,” ಎಂದು ಮೇಡಂ ಚಹಾಕ್ಕೆ ನೀರಿಡಲು ಎದ್ದರು.