ಅಪ್ಪನ ಸಿಪಿಕೆ ವರದಿ

ನನ್ನ ತಂದೆಗೆ ಎದೆನೋವು ಬಂದದ್ದು ದೀಪಾವಳಿಯ ನಂತರವೆಂದು ಮನೆಯವರೆಲ್ಲ ಹೇಳುತ್ತಾರೆ. ರಕ್ತಪರೀಕ್ಷೆಯ ವರದಿಯ ಮೇಲಿನ ಮುದ್ರೆ ಹಬ್ಬಕ್ಕೆ ಎಂಟು ದಿನ ಮೊದಲಿನದು. ಶಾಸನಗಳ ಕಾಲನಿರ್ಣಯದಲ್ಲೇ ವೃತ್ತಿಜೀವನ ಕಳೆದ ನಾನು ಮುದ್ರೆಯನ್ನೇ ನಂಬುತ್ತೇನೆ. ತೊಂಬತ್ತರ ದಶಕದ ನಡುಭಾಗವೆಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಅಪ್ಪ ಆಗ ಅಮರಗೋಳದ ಮಾರುಕಟ್ಟೆಯಲ್ಲಿ ಪಾಲುದಾರರೊಬ್ಬರ ಜೊತೆ ಹತ್ತಿಯ ದಲಾಲಿ ಅಂಗಡಿ ನಡೆಸುತ್ತಿದ್ದರು. ಅರಳೆಯನ್ನು ಬೆರಳುಗಳ ನಡುವೆ ಎಳೆದು ಅವರು ದರ್ಜೆ ಹೇಳಿದರೆ ಖರೀದಿದಾರರು ಮರುಮಾತಾಡುತ್ತಿರಲಿಲ್ಲ.

ವರದಿ ನೋಡಿದ ವೈದ್ಯರು ಅವಸರಪಡಲಿಲ್ಲ. "ಇಸಿಜಿ ಛಲೋ ಐತ್ರಿ. ಆದ್ರ ಈ ಸಿಪಿಕೆ ಜಾಸ್ತಿ ಬಂದೈತಿ. ನಾಕು ದಿವಸ ಮನ್ಯಾಗ ಇರ್ಲಿ, ಆಮ್ಯಾಲೆ ಇನ್ನೊಮ್ಮೆ ರಕ್ತ ನೋಡೂಣು" ಎಂದರು.

ಆ ಮಧ್ಯಾಹ್ನವೇ ನಾನು ಗ್ರಂಥಾಲಯಕ್ಕೆ ಹೋಗಿ ವೈದ್ಯಕೀಯ ಗ್ರಂಥವೊಂದನ್ನು ತೆರೆದೆ. ಸ್ನಾಯುವಿಗೆ ಘಾಸಿಯಾದಾಗ ಅದರೊಳಗಿನ ಸಿಪಿಕೆ ಎಂಬ ಈ ಕಿಣ್ವ ರಕ್ತಕ್ಕೆ ಸೋರುತ್ತದೆ, ಹೃದಯವೂ ಸ್ನಾಯುವೇ. ಇಷ್ಟು ಓದಿ, ಎಲ್ಲ ತಿಳಿಯಿತೆಂದು ಪುಸ್ತಕ ಮುಚ್ಚಿದೆ.

"ತಮ್ಮಾ, ನಾಳೆ ಹತ್ತಿ ಲಿಲಾವು ಐತಿ. ನಾ ಹೋಗಬೇಕು" ಎಂದರು ಅಪ್ಪ.

"ಎಲ್ಲಿಗೂ ಹೋಗೂದು ಬ್ಯಾಡ. ನಿಮ್ಮ ಹೃದಯಕ್ಕ ಪೆಟ್ಟು ಬಿದ್ದೈತಿ. ರಕ್ತದಾಗ ಬಂದೈತಿ."

"ನೀ ಕಲ್ಲು ಓದಾಂವ. ಮನಶ್ಯಾರ ಡಾಕ್ಟರ್ ಯಾವಾಗ ಆದೆಪಾ?"

ಮರುಪರೀಕ್ಷೆ ಅನಗತ್ಯವೆಂದು ತೀರ್ಮಾನಿಸಿದವನು ನಾನೇ. ಅಂಗಡಿಯನ್ನು ಪಾಲುದಾರರಿಗೆ ಬಿಟ್ಟುಕೊಡುವ ಪತ್ರವನ್ನು ಬರೆದವನೂ ನಾನೇ. ತಿಂಗಳೊಳಗೆ ಅಪ್ಪ ಸಹಿ ಹಾಕಿದರು. ಆಮೇಲೆ ಒಂಬತ್ತು ವರ್ಷ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತರು. ಮೆಟ್ಟಿಲು ಹತ್ತಹೋದರೂ ನಾನು ಗದರುತ್ತಿದ್ದೆ.

ಒಂಬತ್ತನೆಯ ವರ್ಷ ನನಗೇ ವೈದ್ಯರು ಅದೇ ಪರೀಕ್ಷೆ ಬರೆದುಕೊಟ್ಟರು. ರಕ್ತ ತೆಗೆಯುವ ಮುನ್ನ ಪ್ರಯೋಗಾಲಯದ ಹೆಣ್ಣುಮಗಳು ಕೇಳಿದಳು: "ಎರಡ್ಮೂರು ದಿವಸದಾಗ ಸೂಜಿ ಮಾಡಿಸಿಕೊಂಡೀರೇನ್ರಿ ಸರ?"

"ಯಾಕ?"

"ರಟ್ಟಿಗೋ ಕುಂಡಿಗೋ ಸೂಜಿ ಚುಚ್ಚಿದ್ರ ಅಲ್ಲಿ ಸ್ನಾಯು ನೊಂದು ಸಿಪಿಕೆ ಏರತೈತ್ರಿ. ನಮ್ಮ ಮಂದಿಗೆ ಸೂಜಿ ಇಲ್ದಿದ್ರ ಔಷಧ ತಗೊಂಡಂಗ ಆಗೂದಿಲ್ಲ ನೋಡ್ರಿ, ಅದಕ್ಕ ಎಲ್ಲಾರಿಗೂ ಕೇಳತೇನಿ."

ಮನೆಗೆ ಬಂದು ಅಪ್ಪನ ಕಡತ ಬಿಚ್ಚಿದೆ. ವರದಿ ಸೋಮವಾರದ್ದು. ಅದರ ಹಿಂದೆ ನಮ್ಮ ಓಣಿಯ ಕಂಪೌಂಡರನ ಚೀಟಿ ಇತ್ತು: ನೋವಿಗೆ ಎರಡು ಸೂಜಿ, ಭಾನುವಾರ ಸಂಜೆ. ಮರುದಿನ ಗ್ರಂಥಾಲಯದಲ್ಲಿ ಅದೇ ಪುಸ್ತಕ ತೆಗೆದೆ. ನಾನು ನಿಲ್ಲಿಸಿದ ಪುಟದ ಮಗ್ಗುಲಲ್ಲೇ ಈ ಎಚ್ಚರಿಕೆ ಅಚ್ಚಾಗಿತ್ತು. ಒಂದೇ ಶಾಸನದ ತಿಥಿ ವಾರಗಳು ತಾಳೆಯಾಗದಿದ್ದರೆ ವರ್ಷಗಟ್ಟಲೆ ಬೆನ್ನು ಹತ್ತಿದವನು, ಸ್ವಂತ ತಂದೆಯ ವಿಷಯದಲ್ಲಿ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಅಪ್ಪನಿಗೆ ಹೇಳಿದೆ.

"ಹಂಗಾರ ನನ್ನ ಎದಿಗೆ ಏನೂ ಆಗಿದ್ದಿಲ್ಲ?"

"ಇಲ್ಲ ಅಂತ ಈಗ ಹೇಳಾಕ ಬರೂದಿಲ್ಲ. ಆಗೇತಿ ಅಂತ ಅವತ್ತು ಹೇಳಾಕೂ ಬರ್ತಿದ್ದಿಲ್ಲ."

"ಆದ್ರೂ ಹೇಳಿದೆಲ್ಲ."

ಮರುದಿನ ಅವರು ಧೋತರ ಉಟ್ಟು, ಟೋಪಿ ಹಾಕಿ ಬಾಗಿಲಲ್ಲಿ ನಿಂತರು. ನಾನು ತಡೆಯಲಿಲ್ಲ, ಜೊತೆಗೆ ಹೋದೆ. ಅಂಗಡಿಯಲ್ಲಿ ಪಾಲುದಾರರ ಅಳಿಯ ಕುಳಿತಿದ್ದ. ಅಪ್ಪ ಚಪ್ಪಲಿ ಬಿಟ್ಟು ತಾವು ಕೂರುತ್ತಿದ್ದ ಗಾದಿಯತ್ತ ಹೆಜ್ಜೆಯಿಟ್ಟಾಗ ಆತ ಲೆಕ್ಕದಿಂದ ತಲೆಯೆತ್ತಿ, ಬಲು ವಿನಯದಿಂದಲೇ ಕೇಳಿದ:

"ಯಾರು ಬೇಕಾಗಿತ್ರಿ, ಅಜ್ಜಾರ?"

ಅಪ್ಪ ನನ್ನ ಕಡೆ ತಿರುಗಿದರು. "ಹೇಳು," ಎಂದರು, "ನೀನ ಓದಿದಾಂವ."