ತಮ್ಮನಿಗಾಗಿ ಓರೆ ಮಾಡಿದ ಕಣ

ನನ್ನ ತಮ್ಮ ಗಾಲ್ಫ್ ಆಡುತ್ತಿದ್ದ ಎಂದರೆ ಕುಬಿಹಾಳದ ಈಗಿನ ಹುಡುಗರು ನಗುತ್ತಾರೆ. ಎಪ್ಪತ್ತರ ದಶಕದ ನಡುವಿನ ಮಾತು. ಅದಕ್ಕೂ ಮೊದಲು ಅವನು ಕೆಲವು ವರ್ಷ ಪುಣೆಯ ಒಂದು ಗಾಲ್ಫ್ ಮೈದಾನದಲ್ಲಿದ್ದ. ಆಡಲು ಬರುವ ಸಾಹೇಬರ ಕೋಲುಗಳ ಚೀಲ ಹೊತ್ತು ಅವರ ಹಿಂದೆ ಅಡ್ಡಾಡುವುದು ಅವನ ಕೆಲಸ. ಮೈದಾನ ಖಾಲಿ ಇರುವ ದಿನ ಚೀಲ ಹೊರುವವರೇ ಆಡಿಕೊಳ್ಳುತ್ತಿದ್ದರಂತೆ. ಹಾಗೆ ಕಲಿತ. ಅಪ್ಪ ಚಕ್ಕಡಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಹೊಲ ನೋಡಲು ಊರಿಗೆ ಬಂದ. ಟ್ರಂಕಿನ ಜೊತೆ ಎರಡು ಹಳೆಯ ಕೋಲು, ಐದಾರು ಚೆಂಡು ತಂದಿದ್ದ.

ನಾನು ಅವನಿಗಿಂತ ದೊಡ್ಡವಳು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಡಿಸಿದರು. ಊರಲ್ಲೇ ಸೋದರಮಾವನಿಗೆ ಕೊಟ್ಟಿದ್ದರಿಂದ ತವರುಮನೆ ಎರಡು ಓಣಿ ಆಚೆ. ಬೆಳಿಗ್ಗೆ ನನ್ನ ಮನೆಯ ಕಸ ಮುಗಿಸಿ ಅಲ್ಲಿಗೆ ಹೋಗಿ ಅವ್ವನಿಗೂ ಕೈಜೋಡಿಸುತ್ತಿದ್ದೆ.

ಪುಣೆಯ ಆ ಮೈದಾನದಲ್ಲಿ ಪ್ರತಿ ಬೇಸಿಗೆ ಚೀಲ ಹೊರುವವರಿಗೂ, ಹಿಂದೆ ಹೊತ್ತು ಬಿಟ್ಟವರಿಗೂ ಒಂದು ಪಂದ್ಯ ಇಡುತ್ತಿದ್ದರು. ಗೆದ್ದವನನ್ನು ಅಲ್ಲಿಯ ಆಟ ಕಲಿಸುವವರು ತಮ್ಮ ಕೈಕೆಳಗೆ ತೆಗೆದುಕೊಳ್ಳುತ್ತಿದ್ದರು. ಹಾಗೆ ಹೋದವರಲ್ಲಿ ಒಬ್ಬಿಬ್ಬರು ದೊಡ್ಡ ದೊಡ್ಡ ಊರುಗಳ ಪಂದ್ಯಗಳಲ್ಲಿ ಆಡುವ ವೃತ್ತಿಯ ಆಟಗಾರರೇ ಆಗಿಬಿಟ್ಟಿದ್ದರು. ತಮ್ಮನ ಜೀವ ಅದರಲ್ಲಿತ್ತು. ಅವನು ಗೆದ್ದು ಹೋದರೆ ಹೊಲ ನನ್ನ ಗಂಡ ಉಳುವುದು, ಸೋತರೆ ತಮ್ಮನೇ ಊರಲ್ಲಿ ನಿಲ್ಲುವುದು ಎಂದು ಅಪ್ಪ ಮಲಗಿದಲ್ಲಿಂದಲೇ ಹೇಳಿಯಾಗಿತ್ತು.

ಆ ಆಟಗಾರರ ಸುದ್ದಿಗೆ ಅವನು ದೂರದಿಂದಲೇ ಕಾಯುತ್ತಿದ್ದ. ನಮ್ಮ ಮನೆಯ ಟ್ರಾನ್ಸಿಸ್ಟರಿನಲ್ಲಿ ಇಂಗ್ಲಿಷ್ ವಾರ್ತೆ ಬಂದರೆ ಕಿವಿ ಹಚ್ಚಿ ಕೂಡುತ್ತಿದ್ದ. ಕ್ರಿಕೆಟ್ಟು, ಹಾಕಿ ಎಲ್ಲ ಮುಗಿದ ಮೇಲೆ ಎಂದಾದರೊಮ್ಮೆ ಗಾಲ್ಫಿನ ಒಂದು ಸಾಲು. "ಅಕ್ಕಾ, ಇವನ ಚೀಲಾ ನಾ ಹೊತ್ತೇನಿ!" ಎಂದು ಒಮ್ಮೆ ಎಷ್ಟು ಜೋರಾಗಿ ಕೂಗಿದನೆಂದರೆ ಕಟ್ಟಿದ್ದ ಎಮ್ಮೆ ಎದ್ದು ನಿಂತಿತು. ಒಬ್ಬ ಆಟಗಾರ ಚೆಂಡಿನ ಮೇಲೆ ಬಾಗಿ ನಿಂತ ಪಟವನ್ನು ಯಾವುದೋ ಹಳೆಯ ಪುಸ್ತಕದಿಂದ ಹರಿದು ತಂದು ಗೋಡೆಗೆ ಅಂಟಿಸಿದ್ದ. ಅದನ್ನು ನೋಡಿ ತಾನೂ ಬಾಗುತ್ತಿದ್ದ.

ದೂರಕ್ಕೆ ಹೊಡೆಯುವುದು ಅವನಿಗೆ ಕಷ್ಟವಿರಲಿಲ್ಲ. ಜೋಳ ಕೊಯ್ದ ಹೊಲದಲ್ಲಿ ಬೀಸಿದರೆ ಚೆಂಡು ಬೇವಿನ ಗಿಡ ದಾಟುತ್ತಿತ್ತು. ಎರಡು ಚೆಂಡು ಎರೆಮಣ್ಣಿನ ಬಿರುಕಿನಲ್ಲಿ ಇಳಿದು ಹೋದವು. ಕೈ ಹಾಕಿದರೂ ಸಿಗಲಿಲ್ಲ. ಅವನಿಗೆ ತೊಡಕಾಗಿದ್ದು ಕೊನೆಯ ಹೊಡೆತ. ಕುಳಿಯ ಹತ್ತಿರ ಬಂದ ಚೆಂಡನ್ನು ಮೆಲ್ಲಗೆ ತಳ್ಳಿ ಒಳಗೆ ಹಾಕಬೇಕು. ಅಲ್ಲಿ ತಪ್ಪುತ್ತಿದ್ದ. ಪುಣೆಯವರೂ ಅದನ್ನೇ ಹೇಳಿ ಕಳಿಸಿದ್ದರು.

ಪುಣೆಯಲ್ಲಿ ಕುಳಿಯ ಸುತ್ತ ಹುಲ್ಲಿರಲಿಲ್ಲವಂತೆ. ಮರಳಿಗೆ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ನೆಲ. ಯುಗಾದಿ ಹೊತ್ತಿಗೆ ನಮ್ಮ ರಾಶಿ ಮುಗಿದು ಕಣ ಖಾಲಿಯಾದಾಗ ಅವನು ಅದರ ನಡುವೆ ನಿಂತು, "ಅಕ್ಕಾ, ಅಗದಿ ಹಿಂಗ ಇರತೈತಿ ನೋಡು ಅಲ್ಲೆ" ಎಂದ. ಗುಂಡುಗಲ್ಲು ಉರುಳಿಸಿ, ಸಗಣಿ ಸಾರಿಸಿದ ನೆಲ ಅಂಗೈ ಹಾಗಿತ್ತು. ಹಂತಿ ಹೊಡೆಯುವಾಗ ಎತ್ತು ಕಟ್ಟಿ ತಿರುಗಿಸುವ ಮೇಟಿಕಂಬ ಕಿತ್ತ ಕುಣಿ ನಟ್ಟನಡುವೆ ಇತ್ತು. ಅದರಲ್ಲಿ ಒಂದು ಡಬ್ಬಿ ಹೂತು, ಸುತ್ತ ಮಣ್ಣು ಮೆತ್ತಿ ಬಾಯಿ ಸಣ್ಣದು ಮಾಡಿದ.

ಅವ್ವ ನೋಡಿ ಹೌಹಾರಿದಳು. "ಮೇಟಿ ಪೂಜಿ ಮಾಡಿದ ಕುಣ್ಯಾಗ ಚೆಂಡ ಹಾಕ್ತೀಯಲ್ಲಲೇ ಮೂಳಾ! ಭೂಮಿತಾಯಿ ಸಿಟ್ಟಾಗೂದಿಲ್ಲೇನು?"

"ಬಿದ್ದರ ತಾನವ್ವಾ ಸಿಟ್ಟಾಗೂದು? ಒಂದೂ ಬೀಳವಲ್ದು."

ಚೆಂಡು ಹಿಡಿದು ಕುಣಿಯ ಸುತ್ತ ತಿರುಗುವ ಅವನನ್ನು ನೋಡಿ ನನ್ನ ಗಂಡ, "ನಿನ್ನ ತಮ್ಮ ಎತ್ತಿಲ್ಲದ ಹಂತಿ ಹೊಡಿಯಾಕತ್ತಾನ" ಎನ್ನುತ್ತಿದ್ದರು.

ಕಣ ಸಾರಿಸುವುದು ನನ್ನ ಪಾಲಿಗೆ ಬಂತು. ಚೆಂಡು ಓಡಲು ನೆಲ ನುಣುಪಾಗಿರಬೇಕು, ಬಿರುಕು ಬಿಡಬಾರದು. ನಾನು ಸಾರಿಸುವಾಗ ಅವನು ಬಾಜು ಕುಕ್ಕರಗಾಲಲ್ಲಿ ಕೂತು ನೆಲ ಓದುವುದನ್ನು ಹೇಳಿಕೊಡುತ್ತಿದ್ದ. ಗಲ್ಲ ನೆಲಕ್ಕೆ ತಾಗುವಷ್ಟು ಬಾಗಿ ನೋಡಬೇಕು, ಕಣ್ಣಿಗೆ ಕಾಣದ ಇಳಿಜಾರೂ ಚೆಂಡಿಗೆ ತಿಳಿಯುತ್ತದೆ, ಕೂದಲೆಳೆಯಷ್ಟು ಓರೆ ಇದ್ದರೂ ಚೆಂಡು ಅತ್ತ ಹೋಗುತ್ತದೆ ಎಂದೆಲ್ಲ. ಆ ವಿದ್ಯೆಯನ್ನು ನನಗೆ ಕಲಿಸಿದವನು ಅವನೇ.

ಹಲವು ದಿನ ಹೊಡೆದರೂ ಕೈ ಹತ್ತಲಿಲ್ಲ. ಒಂದು ಸಂಜೆ ಕೋಲು ಅತ್ತ ಒಗೆದು ಕಣದ ಕಲ್ಲಿನ ಮೇಲೆ ಕೂತ. ರೊಟ್ಟಿ ತಂದುಕೊಟ್ಟರೆ ಮುಟ್ಟಲಿಲ್ಲ. "ನಾ ಹೋಗೂದಿಲ್ಲಕ್ಕಾ. ಅಲ್ಲಿ ಹೋಗಿ ಮಾನಾ ಕಳಕೊಳ್ಳೂದಕ್ಕಿಂತ ಇಲ್ಲೆ ಕುಂಟಿ ಹೊಡಕೊಂಡ ಇರತೇನಿ" ಎಂದ. ಅವನ ಮುಖ ನೋಡಲಾಗಲಿಲ್ಲ ನನಗೆ.

ಮರುದಿನ ಅವನು ಹೊಲಕ್ಕೆ ಹೋದಾಗ ಮಣ್ಣು ಕಲಸಿ ಕಣದ ಅಂಚಿನ ಸುತ್ತ ತೆಳ್ಳಗೆ ಹಚ್ಚಿದೆ. ಅದರ ಮೇಲೆ ಎಂದಿನಂತೆ ಸಾರಿಸಿದೆ. ನಾಲ್ಕಾರು ದಿನ ಹೀಗೆ ಸ್ವಲ್ಪ ಸ್ವಲ್ಪ. ಕೊನೆಗೆ ಕಣ ನಮ್ಮ ರೊಟ್ಟಿಯ ಹಂಚಿನ ಹಾಗೆ ಎಲ್ಲ ಕಡೆಯಿಂದಲೂ ಕುಣಿಯತ್ತ ಇಳಿಯಿತು. ಒಂದು ಕಡೆ ಓರೆಯಾಗಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಸುತ್ತಲೂ ಒಂದೇ ಸಮ ಇದ್ದದ್ದರಿಂದ ಆಗಲಿಲ್ಲ. ಅಲ್ಲದೆ ಅಕ್ಕ ಸಾರಿಸಿದ ನೆಲವನ್ನು ಯಾರು ಬಾಗಿ ನೋಡುತ್ತಾರೆ?

ಚೆಂಡು ಬೀಳತೊಡಗಿತು.

ಎರಡು ದಿನ ಅವನ ಮನಸ್ಸಿಗೆ ಸಮಾಧಾನವಾಗಲಿ, ಆಮೇಲೆ ಸಮ ಮಾಡಿದರಾಯಿತು ಎಂದುಕೊಂಡಿದ್ದೆ. ಆದರೆ ಅವನು ಸರಿಯಾಗಿ ಉಣ್ಣತೊಡಗಿದ. ಅಪ್ಪನ ಹಾಸಿಗೆಯ ಹತ್ತಿರ ಕೂತು ನಗಾಡತೊಡಗಿದ. "ಅಕ್ಕಾ, ಕೈ ಕೂತತು ನೋಡು! ಮೂಗು ಚೆಂಡಿನ ಮ್ಯಾಲ ಇಟ್ಟಗೊಂಡು ನಿಂತರ ಆತು, ಪಟದಾಗಿನವನೂ ಹಂಗ ನಿಂತಾನ" ಎಂದು ತೋರಿಸಿದ. ಅಷ್ಟು ಖುಷಿಯನ್ನು ಕೆಡಿಸುವ ಧೈರ್ಯ ನನಗೆ ಬರಲಿಲ್ಲ. ಬೆಳಿಗ್ಗೆ ಸಾರಿಸಲು ಬಾಗಿದಾಗಲೆಲ್ಲ ಇವತ್ತು ಬಿಡಲಿ, ನಾಳೆ ಎನ್ನುತ್ತಿದ್ದೆ. ಪಂದ್ಯಕ್ಕೆಂದು ಅವನು ಹುಬ್ಬಳ್ಳಿಗೆ ಹೋಗಿ ರೈಲು ಹತ್ತುವವರೆಗೂ ಆ ನಾಳೆ ಬರಲಿಲ್ಲ.

ವಾರದೊಳಗೆ ತಿರುಗಿ ಬಂದ. ನಾನು ಕೇಳುವ ಮೊದಲೇ ಹೇಳಿದ. "ದೂರದ್ದೆಲ್ಲಾ ಛಲೋ ಆತು. ಎಲ್ಲಾರೂ ನಿಂತು ನೋಡಿದ್ರು. ಕುಳಿ ಹತ್ರ ಬಂದಕೂಡ್ಲೆ ಮುಗೀತು. ಒಂದೊಂದ ಚೆಂಡೂ ಕುಳಿ ಮುಟ್ಟೂದ್ರಾಗ ನಿಂತು ನನ್ನ ಮಾರಿ ನೋಡತಿತ್ತು."

"ಯಾಕ್ ಹಂಗಾತೋ?"

"ಯಾಕಂದರ? ಮನ್ಯಾಗ ಬೀಳತಿತ್ತು, ಅಲ್ಲೆ ಬೀಳಲಿಲ್ಲ. ಮಂದಿ ಮುಂದ ನನ್ನ ಕೈ ನಡಗತಾವ. ನಾನ ಪುಕ್ಕಲ ಅದೇನಕ್ಕಾ."

ಮನೆಯಲ್ಲಿ ಇಳಿಜಾರೇ ಚೆಂಡನ್ನು ಎಳೆದುಕೊಳ್ಳುತ್ತಿತ್ತು. ಮೆಲ್ಲಗೆ ಮುಟ್ಟಿದರೆ ಸಾಕು ಎಂದು ಅವನ ಕೈಗೆ ರೂಢಿ ಮಾಡಿಸಿದವಳು ನಾನು. ಇದು ನನಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ತೆರೆಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾರನೆಯ ನಸುಕಿನಲ್ಲಿ ಮಾಡಿದೆ: ಗುದ್ದಲಿ ತೆಗೆದುಕೊಂಡು ಹೋಗಿ ಕಣವನ್ನು ಅಗೆದು ಹಾಕಿದೆ. ಅವ್ವ ಕೇಳಿದ್ದಕ್ಕೆ, ಮಳೆ ಬರುವ ಹಾಗಿದೆ, ಕಣ ಇನ್ನೇನು ಬೇಕು ಎಂದೆ. ತಮ್ಮ ಬಂದು ಹೆಂಟೆಗಳನ್ನು ನೋಡಿದ. "ಛಲೋ ಮಾಡಿದಿ" ಎಂದ.

ಮರು ವರ್ಷ ಹೋಗು ಎಂದು ಅಪ್ಪನೇ ಹೇಳಿದರೂ ಹೋಗಲಿಲ್ಲ. ಆಟ ಬಿಟ್ಟದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಪಂದ್ಯದಲ್ಲಿ ಸೋಲುವವರೇ ಬಹಳ. ಆದರೆ ತಾನು ಪುಕ್ಕಲ ಎಂಬುದನ್ನು ಅವನು ಹೆಸರಿನ ಹಾಗೆ ಇಟ್ಟುಕೊಂಡುಬಿಟ್ಟ. ಸೊಸೈಟಿಯ ಕಮಿಟಿಗೆ ನಿಲ್ಲು ಎಂದು ಊರವರು ಬಂದರೆ, "ಮಂದಿ ಮುಂದ ನನಗ ಆಗೂದಿಲ್ಲರಿ" ಎಂದು ಕೈಮುಗಿದ. ಮಗಳ ಮದುವೆಯ ಮಾತುಕತೆಗೆ ಬೀಗರ ಎದುರು ತಾನು ಕೂಡದೆ ನನ್ನ ಗಂಡನನ್ನು ಕೂಡಿಸಿದ. ಪ್ರತಿ ಸಲವೂ ನಾನು ಅಲ್ಲೇ ಇದ್ದೆ.

ಹೋದ ವರ್ಷ ಅವನು ನಮ್ಮ ಮನೆಗೆ ಬಂದಿದ್ದ. ಮೊಮ್ಮಗನ ಸಾಲೆಯವರು ಮಕ್ಕಳಿಗೆ ಬಹುಮಾನ ಕೊಟ್ಟು ಎರಡು ಮಾತಾಡಿ ಎಂದು ಕರೆದರೆ ಒಲ್ಲೆ ಎಂದು ಬಂದಿದ್ದೇನೆ ಎಂದ. ನನಗೆ ತಡೆಯಲಾಗಲಿಲ್ಲ. ಅಂಚಿಗೆ ಮಣ್ಣು ಹಚ್ಚಿದ್ದು, ನಸುಕಿನಲ್ಲಿ ಅಗೆದದ್ದು ಎಲ್ಲ ಹೇಳಿದೆ. "ನಿನ್ನ ಕೈ ನಡಗಿಲ್ಲೋ ತಮ್ಮಾ. ನೆಲದ ತಪ್ಪು. ನೆಲಾ ಮಾಡಿದಾಕಿ ನಾನು."

ಅವನು ನಕ್ಕ.

"ಅಕ್ಕಾ, ನಾ ಸಣ್ಣಾವಿದ್ದಾಗ ಎಡವಿ ಬಿದ್ದರ ನೀ ನೆಲಕ್ಕ ಎರಡ ಏಟ ಹೊಡದು, ಇದ ಬೀಳಿಸಿತು ನಮ್ಮ ತಮ್ಮನ್ನ ಅಂತಿದ್ದಿ. ನಾ ಅಳೂದು ಬಿಡತಿದ್ದೆ. ಈಗ ನನಗ ಮೊಮ್ಮಕ್ಕಳಾಗ್ಯಾವ. ಇನ್ನೂ ನೆಲಾನ ಬೈತಿ."

"ಇಲ್ಲೋ, ಆಣಿ ಮಾಡಿ ಹೇಳತೇನಿ."

"ಆತು ಬಿಡಕ್ಕಾ" ಎಂದು ಟೊಪ್ಪಿಗೆ ತಲೆಗಿಟ್ಟುಕೊಂಡ. ಬಾಗಿಲ ತನಕ ಹಿಂದೆಯೇ ಹೋಗಿ ಮತ್ತೊಮ್ಮೆ ಹೇಳಿದೆ. ಅವನು ನನ್ನ ಭುಜ ತಟ್ಟಿ, ಚಪ್ಪಲಿ ಮೆಟ್ಟಿಕೊಂಡು, ಓಣಿಯ ಕಡೆ ತಿರುಗಿದ.